‘ಕನ್ನಡ ಬರಲ್ಲ’ ಎನ್ನುವ ಕನ್ನಡ

ಹೆಬ್ಬಾಳದ ಮೇಲ್ಸೇತುವೆಯ ಹತ್ತಿರ ಬಸ್ಸಿಗೆ ಕಾಯುತ್ತ ಹತ್ತು ನಿಮಿಷ ನಿಂತರೆ ಒಂದು ಮಾತು ಎರಡು ಸಲವಾದರೂ ಕಿವಿಗೆ ಬೀಳುತ್ತದೆ: ‘ಕನ್ನಡ ಬರಲ್ಲ.’ ಕಂಡಕ್ಟರ್ ಚಿಲ್ಲರೆ ಕೇಳಿದಾಗ, ಆಟೊದವರು ಯಾವ ಕಡೆ ಎಂದಾಗ, ವಿಳಾಸದ ಚೀಟಿ ಹಿಡಿದ ಹಿರಿಯರೊಬ್ಬರು ದಾರಿ ವಿಚಾರಿಸಿದಾಗ ಇದೇ ಉತ್ತರ. ಕೆಲವರು ಸಂಕೋಚದಿಂದ ಹೇಳುತ್ತಾರೆ, ಕೆಲವರು ಅವಸರದಲ್ಲಿ. ಕೇಳಿದವರು ತಕ್ಷಣ ಹಿಂದಿಗೋ ಇಂಗ್ಲಿಷಿಗೋ ಹೊರಳುತ್ತಾರೆ. ಕನ್ನಡದ ಮಾತು ಅಲ್ಲಿಗೆ ಮುಗಿಯಿತು.

ಆ ವಾಕ್ಯವನ್ನೇ ಹಿಡಿದುಕೊಂಡು ನಾನು ಪಾಠ ಶುರು ಮಾಡುತ್ತೇನೆ. ಸಹಕಾರನಗರದ ನಮ್ಮ ಅಪಾರ್ಟ್‌ಮೆಂಟಿನ ಸಭಾಂಗಣದಲ್ಲಿ ಕೆಲವು ವರ್ಷಗಳಿಂದ ಭಾನುವಾರ ಬೆಳಿಗ್ಗೆ ಕನ್ನಡ ಹೇಳಿಕೊಡುತ್ತಿದ್ದೇನೆ. ಮಾನ್ಯತಾ ಟೆಕ್ ಪಾರ್ಕಿನಲ್ಲಿ ದುಡಿಯುವ ಹುಡುಗ ಹುಡುಗಿಯರು, ಯಲಹಂಕದ ವಾಯುನೆಲೆಯಿಂದ ನಿವೃತ್ತರಾಗಿ ಇಲ್ಲೇ ಮನೆ ಮಾಡಿದವರು, ಮಗನ ಮನೆಗೆಂದು ಬಂದು ಉಳಿದುಬಿಟ್ಟ ತಾಯಂದಿರು ಬರುತ್ತಾರೆ. ಮೊದಲ ದಿನ ಎಲ್ಲರಿಂದಲೂ ಆ ಒಂದು ವಾಕ್ಯ ಹೇಳಿಸುತ್ತೇನೆ. ತಪ್ಪಿಲ್ಲದೆ ಹೇಳುತ್ತಾರೆ. ಆಮೇಲೆ ನಿಮ್ಮ ನಿಮ್ಮ ಭಾಷೆಯಲ್ಲಿ ಇದನ್ನೇ ಹೇಳಿ ಎನ್ನುತ್ತೇನೆ.

ಹಿಂದಿಯವರು ‘ಮುಝೆ ಕನ್ನಡ ನಹೀ ಆತೀ’ ಎನ್ನುತ್ತಾರೆ. ತೆಲುಗಿನವರು ‘ನಾಕು ಕನ್ನಡ ರಾದು.’ ಮರಾಠಿಯವರು ‘ಮಲಾ ಕನ್ನಡ ಯೇತ ನಾಹೀ.’ ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದಾಗ ಸಭಾಂಗಣ ಒಂದು ಕ್ಷಣ ಸುಮ್ಮನಾಗುತ್ತದೆ. ಮುಝೆ, ನಾಕು, ಮಲಾ, ನನಗೆ: ನಾಲ್ಕರಲ್ಲೂ ‘ನಾನು’ ಇಲ್ಲ, ‘ನನಗೆ’ ಇದೆ. ನಾಲ್ಕರಲ್ಲೂ ಕ್ರಿಯಾಪದ ‘ಬರು’. ಇಂಗ್ಲಿಷಿನಲ್ಲಿ ಮನುಷ್ಯ ಭಾಷೆಯನ್ನು ತಿಳಿಯುತ್ತಾನೆ. ನಮ್ಮ ಕಡೆ ಭಾಷೆ ಮನುಷ್ಯನಿಗೆ ಬರುತ್ತದೆ. ತಮಿಳರ ‘ಎನಕ್ಕು ಕನ್ನಡಂ ತೆರಿಯಾದು’ ನಮ್ಮ ‘ನನಗೆ ಕನ್ನಡ ಗೊತ್ತಿಲ್ಲ’ ಎಂಬುದರ ಪಡಿಯಚ್ಚು. ಕನ್ನಡ ಬರುವುದಿಲ್ಲ ಎಂದುಕೊಂಡು ಬಂದವರಿಗೆ ಕನ್ನಡ ವಾಕ್ಯದ ಎಲುಬುಗೂಡು ಆಗಲೇ ಗೊತ್ತಿತ್ತು, ಅದು ಅವರ ತಾಯಿ ಕೊಟ್ಟದ್ದು.

ಇಲ್ಲಿ ಎಲ್ಲಕ್ಕಿಂತ ಆಳವಾಗಿ ಬೇರುಬಿಟ್ಟಿರುವ ತಪ್ಪು ತಿಳಿವಳಿಕೆ ಒಂದಿದೆ. ಉತ್ತರದ ಭಾಷೆಗಳದ್ದು ಒಂದು ಕುಟುಂಬ, ದ್ರಾವಿಡ ಭಾಷೆಗಳದ್ದು ಇನ್ನೊಂದು, ಆದ್ದರಿಂದ ಎಲ್ಲವನ್ನೂ ಸೊನ್ನೆಯಿಂದ ಕಲಿಯಬೇಕು ಎಂಬುದು. ಕುಟುಂಬ ಬೇರೆ ಎನ್ನುವುದು ನಿಜ. ಆದರೆ ಸಾವಿರಾರು ವರ್ಷ ಅಕ್ಕಪಕ್ಕ ಬಾಳಿದ ಮನೆಗಳ ಅಡುಗೆ ಒಂದಕ್ಕೊಂದು ಹತ್ತಿರವಾಗುವಂತೆ ಈ ಭಾಷೆಗಳೂ ಹತ್ತಿರವಾಗಿವೆ. ಭಾಷಾವಿಜ್ಞಾನಿ ಮರ್‍ರೆ ಎಮೆನೊ 1956ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಭಾರತವನ್ನು ಒಂದೇ ‘ಭಾಷಾ ಪ್ರದೇಶ’ ಎಂದು ಕರೆದರು. ನಾವು ‘ಕಾಫಿ-ಗೀಫಿ ಕುಡಿದು ಹೋಗಿ’ ಎಂದರೆ ಹಿಂದಿಯವರು ‘ಚಾಯ್-ವಾಯ್’ ಎನ್ನುತ್ತಾರೆ. ಇಂಥ ಜೋಡಿ ಮಾತುಗಳ ಬಗ್ಗೆಯೂ ಎಮೆನೊ ಬರೆದಿದ್ದಾರೆ. ‘ಎದ್ದು, ಸ್ನಾನ ಮಾಡಿ, ತಿಂಡಿ ತಿಂದು ಆಫೀಸಿಗೆ ಹೋದೆ’ ಎಂಬ ಸರಪಳಿಯನ್ನು ಹಿಂದಿಯವರು ‘ಉಠ್‌ಕರ್, ನಹಾಕರ್, ನಾಶ್ತಾ ಕರ್‌ಕೇ’ ಎಂದು ಕೊಂಡಿಗೆ ಕೊಂಡಿ ಜೋಡಿಸಬಲ್ಲರು. ಮಹಾರಾಷ್ಟ್ರದ ಸಾಂಗ್ಲಿ ಪಕ್ಕದ ಕುಪವಾಡದಲ್ಲಿ ಇದು ಇನ್ನೂ ಮುಂದೆ ಹೋಗಿದೆ. ಅಲ್ಲಿ ಕನ್ನಡ, ಮರಾಠಿ, ಉರ್ದು ಮಾತಾಡುವ ಮನೆಗಳು ತಲೆತಲಾಂತರದಿಂದ ಒಟ್ಟಿಗಿವೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆ ಊರಿನ ಭಾಷೆಗಳಲ್ಲಿ ಪದಗಳು ಬೇರೆ ಬೇರೆಯಾಗಿಯೇ ಉಳಿದಿದ್ದರೂ ವಾಕ್ಯದ ಕಟ್ಟು ಬಹುಮಟ್ಟಿಗೆ ಒಂದೇ ಆಗಿಬಿಟ್ಟಿತ್ತು.

ಆದರೂ ನಮ್ಮ ತರಗತಿಗೆ ಬರುವವರು ಹಿಂದಿಯಿಂದ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಕನ್ನಡಕ್ಕೆ ಇಳಿಯುತ್ತಾರೆ. ಯಲಹಂಕದಿಂದ ಜಕ್ಕೂರಿಗೆ ಹೋಗಲು ಮೆಜೆಸ್ಟಿಕ್ ಸುತ್ತಿ ಬಂದಂತೆ. ‘ನನಗೆ ಹಸಿವಾಗಿದೆ’ ಎನ್ನಲು ‘ನಾನು ಹಸಿವು ಇದ್ದೇನೆ’ ಎಂದು ಒದ್ದಾಡುವುದು ಈ ಸುತ್ತುದಾರಿಯಿಂದಲೇ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಅಲ್ಲಿನ ವಿದೇಶಾಂಗ ಸೇವಾ ಸಂಸ್ಥೆ ತಮಿಳು, ತೆಲುಗಿಗೆ ಸುಮಾರು 1100 ಗಂಟೆಗಳ ತರಗತಿ ಬೇಕೆಂದು ಲೆಕ್ಕ ಹಾಕಿದೆ. ಅದು ಇಂಗ್ಲಿಷ್ ತಾಯ್ನುಡಿಯವರ ಲೆಕ್ಕ. ಪಟ್ನಾದವರಿಗೂ ವಿಜಯವಾಡದವರಿಗೂ ಅದೇ ಅಳತೆಗೋಲು ಹಿಡಿಯುವುದು ಅನ್ಯಾಯ.

ತಮಿಳು, ತೆಲುಗು, ಮಲಯಾಳಂ ಮನೆಗಳಿಂದ ಬಂದವರಿಗೆ ನಾನು ಹೆಬ್ಬಾಳದ ಕಲ್ಲಿನ ಕತೆ ಹೇಳುತ್ತೇನೆ. 2018ರಲ್ಲಿ ಅಲ್ಲಿ ಚರಂಡಿಗೆಂದು ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಊರಿಗಾಗಿ ಕಾದಾಡಿ ಮಡಿದ ಕಿತ್ತಯ್ಯ ಎಂಬವನ ನೆನಪಿನ ಕಲ್ಲು. ಅದರಲ್ಲಿ ಈ ನಾಡಿನ ಹೆಸರು ‘ಪೆರ್ಬೊೞಲ್’ ಎಂದಿದೆ. ಪೆರ್ ಎಂದರೆ ಹಿರಿದು, ಪೊೞಲ್ ಎಂದರೆ ಊರು. ಮುಂದಿನ ಶತಮಾನಗಳಲ್ಲಿ ಕನ್ನಡದ ಪದಗಳ ಮೊದಲಿಗಿದ್ದ ‘ಪ’ ಮೆಲ್ಲಗೆ ‘ಹ’ ಆಯಿತು. ಪೆರ್ಬೊೞಲ್ ಸವೆದು ಹೆಬ್ಬಾಳವಾಯಿತು. ಹೆಬ್ಬಾಗಿಲು, ಹೆಬ್ಬೆರಳು ಎಂಬಲ್ಲಿ ಇರುವ ‘ಹೆ’ ಇದೇ.

ನಮ್ಮ ಅಕ್ಕತಂಗಿ ಭಾಷೆಗಳಲ್ಲಿ ಆ ‘ಪ’ ಹಾಗೆಯೇ ಉಳಿದಿದೆ. ಅವರ ಪಾಲು ನಮ್ಮ ಹಾಲು. ಪೂವು ಹೂವು, ಪುಲಿ ಹುಲಿ, ಪಾಂಬು ಹಾವು, ಪಲ್ ಹಲ್ಲು, ಪತ್ತು ಹತ್ತು. ಕೊಯಮತ್ತೂರಿನಿಂದ ಬಂದ ಅಮ್ಮನೊಬ್ಬರು ಇದನ್ನು ಕೇಳಿದ ದಿನ ಬೆರಳು ಮಡಿಚುತ್ತ ತಾವಾಗಿಯೇ ಪದ ಕಟ್ಟತೊಡಗಿದರು: ‘ಪೋ... ಹೋ... ಹೋಗು!’ ಅವರ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಪುಸ್ತಕ, ಪೂಜೆಯಂಥ ಸಂಸ್ಕೃತದಿಂದ ಬಂದ ಪದಗಳಿಗೆ ಈ ಸೂತ್ರ ಹೊಂದುವುದಿಲ್ಲ ಎಂದು ನಾನು ಎಚ್ಚರಿಸುವಷ್ಟರಲ್ಲಿ ಅವರು ಒಂದು ಪುಟ ತುಂಬಿಸಿದ್ದರು.

ಅಕ್ಷರಗಳ ವಿಷಯದಲ್ಲಿ ನಾನೇ ತಪ್ಪು ಮಾಡಿದವನು. ಮೊದಲ ವರ್ಷ ಅ ಆ ಇ ಈಯಿಂದ ಶುರು ಮಾಡಿದೆ. ನಾನು ಕಲಿತದ್ದು ಹಾಗೆಯೇ, ಕಲಿಸುವುದೂ ಹಾಗೆಯೇ ಎಂದು ನಂಬಿದ್ದೆ. ಆದರೆ ನಾನು ಒಂದನೇ ತರಗತಿಗೆ ಹೋಗುವ ಹೊತ್ತಿಗೆ ಐದು ವರ್ಷ ಕನ್ನಡ ಮಾತಾಡಿಯಾಗಿತ್ತು ಎಂಬುದನ್ನು ಮರೆತಿದ್ದೆ. ನಲವತ್ತೊಂಬತ್ತು ಅಕ್ಷರ, ಅವುಗಳ ಕಾಗುಣಿತ, ಒತ್ತಕ್ಷರ ಎಂದು ನಾಲ್ಕು ವಾರ ಕಳೆಯುವಷ್ಟರಲ್ಲಿ ಮುಕ್ಕಾಲು ಪಾಲು ಕುರ್ಚಿಗಳು ಖಾಲಿ. ಹೋದವರಿಗೆ ಕನ್ನಡ ಕಷ್ಟವಾಗಿರಲಿಲ್ಲ. ನಾಲ್ಕು ವಾರ ಕೂತರೂ ಹಾಲಿನವನಿಗೆ ‘ನಾಳೆ ಬೇಡ’ ಎನ್ನಲು ಬಂದಿರಲಿಲ್ಲ, ಅಷ್ಟೆ.

ಹಾಗೆಂದು ಲಿಪಿಯೇ ಬೇಡ, ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡರೆ ಸಾಕು ಎನ್ನುವುದೂ ಸರಿಯಲ್ಲ. ನಮ್ಮ ಪಕ್ಕದ ಕೊಡಿಗೇಹಳ್ಳಿಯನ್ನೇ ನೋಡಿ. ಇಂಗ್ಲಿಷ್ ಅಕ್ಷರದಲ್ಲಿ ‘ಲ’ಕ್ಕೂ ‘ಳ’ಕ್ಕೂ ವ್ಯತ್ಯಾಸವಿಲ್ಲ. ಓದಿದವರಿಗೆ ಹಳ್ಳಿ ಹಲ್ಲಿಯಾಗುತ್ತದೆ. ‘ಒಳ್ಳೆ’ಯು ‘ಒಲ್ಲೆ’ಯಾದರೆ ಅರ್ಥವೇ ತಿರುಗುಮುರುಗು. ಹೆಬ್ಬಾಳ ‘ಹೆಬ್ಬಲ್’ ಆದದ್ದು ಯಾರ ಉಡಾಫೆಯಿಂದಲೂ ಅಲ್ಲ, ಬೋರ್ಡಿನ ಆ ಆರು ಇಂಗ್ಲಿಷ್ ಅಕ್ಷರಗಳಲ್ಲಿ ದೀರ್ಘವೂ ಇಲ್ಲ, ಳಕಾರವೂ ಇಲ್ಲ. ಆದ್ದರಿಂದ ಈಗ ಎರಡು ತಿಂಗಳು ಮಾತು, ಆಮೇಲೆ ಬಸ್ಸಿನ ಬೋರ್ಡು. ಯಲಹಂಕ, ಯಶವಂತಪುರ, ಹೆಬ್ಬಾಳ ಎಂಬ ಹೆಸರುಗಳು ನಾಲಗೆಗೆ ಮೊದಲೇ ಗೊತ್ತಿರುವುದರಿಂದ ಅಕ್ಷರಗಳು ತಾವಾಗಿ ಜಾಗಕ್ಕೆ ಬಂದು ಕೂರುತ್ತವೆ. ಯಲಹಂಕ ಒಂದರಲ್ಲೇ ಯ, ಲ, ಹ, ಕ ಮತ್ತು ಸೊನ್ನೆ ಸಿಕ್ಕಿಬಿಟ್ಟವು.

ವ್ಯಾಕರಣ ಮುಗಿಸದೆ ಬಾಯಿ ತೆರೆಯಬಾರದು ಎಂಬ ಭಯವೂ ಬಹಳ ಮಂದಿಯನ್ನು ಕಟ್ಟಿಹಾಕಿದೆ. ಇದಕ್ಕೆ ಕನ್ನಡದ ಒಳಗೇ ಮದ್ದಿದೆ. ಬೇಕು, ಬೇಡ, ಸಾಕು, ಗೊತ್ತು, ಇಲ್ಲ: ಈ ಐದು ಪದ ಯಾರ ಮುಂದೆಯೂ ರೂಪ ಬದಲಿಸುವುದಿಲ್ಲ. ನನಗೆ ಬೇಕು, ಅವಳಿಗೆ ಬೇಕು, ಮಕ್ಕಳಿಗೆ ಬೇಕು. ಗಂಡು ಹೆಣ್ಣು, ಒಂದು ಹಲವು ಎಂಬ ಚಿಂತೆಯೇ ಇಲ್ಲ. ಆಡುಮಾತಿನ ‘ಬರಲ್ಲ, ಹೋಗಲ್ಲ, ಆಗಲ್ಲ’ ಕೂಡ ಹಾಗೆಯೇ. ನಾನೂ ಬರಲ್ಲ, ನೀವೂ ಬರಲ್ಲ, ಅವರೂ ಬರಲ್ಲ. ಹಿಂದಿಯಲ್ಲಿ ಗಾಡಿ ಹೆಣ್ಣೋ ಗಂಡೋ ಎಂದು ನಮ್ಮವರು ತಡವರಿಸುತ್ತಾರಲ್ಲ, ಕನ್ನಡದಲ್ಲಿ ಆ ಕಾಟವೂ ಇಲ್ಲ, ಗಾಡಿ ಬರೀ ಗಾಡಿ. ಹಿಂದಿಯಲ್ಲಿ ನೂರರವರೆಗಿನ ಸಂಖ್ಯೆಗಳನ್ನು ಹೆಚ್ಚುಕಡಿಮೆ ಒಂದೊಂದಾಗಿ ಬಾಯಿಪಾಠ ಮಾಡಬೇಕು. ನಮ್ಮಲ್ಲಿ ಇಪ್ಪತ್ತು ಗೊತ್ತು, ಒಂದು ಗೊತ್ತು ಎಂದರೆ ಇಪ್ಪತ್ತೊಂದು ಗೊತ್ತು. ಇಷ್ಟು ಸಲೀಸಾದ ಬಾಗಿಲು ಬಿಟ್ಟು ನಾವು ಹೊಸಬರ ಕೈಗೆ ‘ಹೋಗುತ್ತೇನೆ, ಹೋಗುತ್ತೇವೆ, ಹೋಗುತ್ತೀರಿ’ ಎಂಬ ಪಟ್ಟಿ ಕೊಡುತ್ತೇವೆ. ಅದನ್ನು ಉರು ಹೊಡೆದು ಬೀದಿಗೆ ಹೋದರೆ ಅಲ್ಲಿ ಎಲ್ಲರೂ ‘ಹೋಗ್ತೀನಿ, ಹೋಗ್ತೀವಿ’ ಎನ್ನುತ್ತಿರುತ್ತಾರೆ. ತಾನು ಕಲಿತದ್ದು ಬೇರೆ ಯಾವುದೋ ಭಾಷೆಯೇನೋ ಎಂದು ಪಾಪ ಗಾಬರಿ.

ಒಂದರಲ್ಲಿ ಮಾತ್ರ ನಾನು ಮೊದಲಿನಿಂದ ಬಿಗಿ. ಬೀದಿಯಲ್ಲಿ ಗೆಳೆಯರಿಂದ ಎತ್ತಿಕೊಂಡ ‘ಬಾ, ಹೋಗು, ಕೊಡು’ ಎಂಬುದನ್ನೇ ಕಾವಲುಗಾರರಿಗೂ ಮನೆಗೆಲಸದ ಅಮ್ಮನಿಗೂ ಹೇಳುವವರಿದ್ದಾರೆ. ‘ಬನ್ನಿ, ಹೋಗಿ, ಕೊಡಿ’ ಮೊದಲು ಬರಲಿ. ಕಾಗುಣಿತ ತಪ್ಪಿದರೆ ಯಾರಿಗೂ ನೋವಾಗುವುದಿಲ್ಲ, ಇದು ತಪ್ಪಿದರೆ ಆಗುತ್ತದೆ.

ಭಾಷೆಯೆಂದರೆ ಇಡೀ ನಿಘಂಟು ಎಂದು ತಿಳಿದು ಕೈಚೆಲ್ಲುವವರನ್ನು ಯಶವಂತಪುರದ ಎಪಿಎಂಸಿ ಯಾರ್ಡಿಗೆ ಕರೆದೊಯ್ಯಬೇಕು. ಮೂಟೆ ಹೊರಲು ಬೇರೆ ರಾಜ್ಯಗಳಿಂದ ಬಂದ ಹುಡುಗರು ಅಲ್ಲಿ ಶಾಲೆಯ ಮುಖ ನೋಡದೆ ಕನ್ನಡ ಕಲಿತಿದ್ದಾರೆ. ಮೂಟೆ, ತೂಕ, ದರ, ಬಾಕಿ, ಎತ್ತು, ಇಳಿಸು, ನೂರೈವತ್ತು, ಇನ್ನೂರು. ಕೆಲಸದ ಸುತ್ತಳತೆ ಎಷ್ಟೋ ಅಷ್ಟು ಭಾಷೆ, ಅದು ಅಲುಗಾಡದೆ ನಿಂತಿರುತ್ತದೆ. ಹೆಬ್ಬಾಳದಾಚೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳದಲ್ಲೂ ಇದನ್ನೇ ಕಂಡಿದ್ದೇನೆ. ರೈತರು ರಾಗಿ ತೆನೆ ಹಿಡಿದು ‘ಇದಕ್ಕೆ ಬೆಂಕಿರೋಗ ಬಿದ್ದೈತೆ, ಏನ್ ಹೊಡೀಬೇಕು?’ ಎಂದು ಕೇಳಿದರೆ ಎದುರಿಗಿರುವ ಹೊರರಾಜ್ಯದ ವಿಜ್ಞಾನಿಗೆ ಕುಮಾರವ್ಯಾಸ ಬೇಕಿಲ್ಲ. ಬೆಂಕಿರೋಗ, ತೆನೆ, ಬಿತ್ತನೆ, ಎಕರೆಗೆ ಎಷ್ಟು, ಇಷ್ಟು ಸಾಕು. ಅಷ್ಟು ಬಂದ ಮೇಲೆ ಮುಂದಿನದನ್ನು ಆ ರೈತರೇ ಕಲಿಸುತ್ತಾರೆ.

ಇನ್ನು ವಯಸ್ಸು. ‘ಚಿಕ್ಕವರಾಗಿದ್ದರೆ ಬರುತ್ತಿತ್ತು’ ಎಂದು ನಲವತ್ತು ದಾಟಿದ ಎಲ್ಲರೂ ಹೇಳುತ್ತಾರೆ. ಇದರ ಹಿಂದೆ ಎರಿಕ್ ಲೆನಬರ್ಗ್ 1967ರ ಪುಸ್ತಕದಲ್ಲಿ ಮಂಡಿಸಿದ ವಿಚಾರದ ನೆರಳಿದೆ: ಬಾಲ್ಯ ಕಳೆದರೆ ಭಾಷೆ ಹಿಡಿಯುವ ಮಿದುಳಿನ ಕಿಟಕಿ ಮುಚ್ಚುತ್ತಾ ಬರುತ್ತದೆ ಎಂದು. 2018ರಲ್ಲಿ ಹಾರ್ಟ್ಸ್‌ಹಾರ್ನ್, ಟೆನೆನ್‌ಬಾಮ್, ಪಿಂಕರ್ ಎಂಬ ಮೂವರು ಸುಮಾರು 6.7 ಲಕ್ಷ ಜನರ ಇಂಗ್ಲಿಷ್ ವ್ಯಾಕರಣ ಜ್ಞಾನವನ್ನು ಅಳೆದು, ಆ ಸಾಮರ್ಥ್ಯ ಹದಿನೇಳರ ತನಕ ಕುಂದುವುದಿಲ್ಲ ಎಂದರು. ಆಮೇಲೆ ಇಳಿಯುವುದು ಕಲಿಕೆಯ ವೇಗ, ಕಲಿಯುವ ಸಾಧ್ಯತೆಯಲ್ಲ. ಅದಕ್ಕೂ ಬಹಳ ಹಿಂದೆ, 1978ರಲ್ಲಿ, ನೆದರ್‌ಲ್ಯಾಂಡ್ಸ್‌ನಲ್ಲಿ ಡಚ್ ಕಲಿಯುತ್ತಿದ್ದ ಇಂಗ್ಲಿಷ್ ಮಾತಿನವರನ್ನು ಕ್ಯಾಥರೀನ್ ಸ್ನೋ ಮತ್ತು ಸಂಗಡಿಗರು ಪರೀಕ್ಷಿಸಿದ್ದರು. ಮೊದಲ ತಿಂಗಳುಗಳಲ್ಲಿ ಮುಂದಿದ್ದವರು ಹದಿಹರೆಯದವರು ಮತ್ತು ದೊಡ್ಡವರು. ಹಿಂದೆ ಬಿದ್ದವರು ಮೂರರಿಂದ ಐದು ವರ್ಷದ ಮಕ್ಕಳು. ಉಚ್ಚಾರದಲ್ಲಿ ಕೊನೆಗೆ ಮಕ್ಕಳೇ ಗೆಲ್ಲಬಹುದು. ಆದರೆ ನಮ್ಮ ತಾಯಂದಿರಿಗೆ ಬೇಕಾದದ್ದು ಮೊದಲ ತಿಂಗಳುಗಳೇ. 1969ರಲ್ಲಿ ಶುರುವಾದ ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯ ಆಶ್ರಯದಲ್ಲಿ ಬೇರೆ ರಾಜ್ಯಗಳ ಶಾಲಾ ಶಿಕ್ಷಕರು ಹತ್ತು ತಿಂಗಳಲ್ಲಿ ಕನ್ನಡ ಕಲಿತು ಹೋಗಿದ್ದಾರೆ. ಅವರೆಲ್ಲ ಸಂಸಾರಸ್ಥರು. ದೊಡ್ಡವರಾದ ಮೇಲೆ ಕನ್ನಡ ಕಲಿತ ಜರ್ಮನ್ ಪಾದ್ರಿ ಕಿಟೆಲ್ ಹೆಸರನ್ನು ಇಲ್ಲಿ ಎಳೆದು ತರಲು ನನಗೆ ಇಷ್ಟವಿಲ್ಲ. ಸುಮಾರು 70,000 ಪದಗಳ ನಿಘಂಟು ಮಾಡಿದ ಮಹಾನುಭಾವರನ್ನು ತೋರಿಸಿದರೆ ಹೊಸಬರಿಗೆ ಧೈರ್ಯಕ್ಕಿಂತ ಹೆದರಿಕೆಯೇ ಹೆಚ್ಚುತ್ತದೆ.

ವಯಸ್ಸಿನ ಈ ಭಯಕ್ಕೆ ವಿರುದ್ಧವಾದ ಇನ್ನೊಂದು ನಂಬಿಕೆಯಿದೆ: ಊರಿನಲ್ಲಿ ಇದ್ದರೆ ಭಾಷೆ ತಾನಾಗಿ ಬರುತ್ತದೆ. ಬಂದಿದ್ದರೆ ಹದಿನೈದು ವರ್ಷದಿಂದ ಇಲ್ಲಿರುವವರು ನಮ್ಮ ತರಗತಿಗೆ ಯಾಕೆ ಬರುತ್ತಿದ್ದರು? ಉತ್ತರ ಬೆಂಗಳೂರಿನಲ್ಲಿ ಒಬ್ಬ ಮನುಷ್ಯ ಗೇಟೆಡ್ ಸಮುಚ್ಚಯದಿಂದ ಕ್ಯಾಬಿನಲ್ಲಿ ಟೆಕ್ ಪಾರ್ಕಿಗೆ ಹೋಗಿ, ಆ್ಯಪಿನಲ್ಲಿ ತರಕಾರಿ ತರಿಸಿ, ವಿಮಾನ ಹಿಡಿದು ಊರಿಗೆ ಹೋಗಿ ಬರಬಹುದು. ವರ್ಷಗಟ್ಟಲೆ ಒಂದು ಕನ್ನಡ ವಾಕ್ಯದ ಅಗತ್ಯವೂ ಬೀಳುವುದಿಲ್ಲ. 2011ರ ಜನಗಣತಿಯ ಹೊತ್ತಿಗೇ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ತಾಯ್ನುಡಿಯವರು ಅರ್ಧಕ್ಕಿಂತ ಕಡಿಮೆ ಇದ್ದರು. ಕಿವಿಗೆ ಬಿದ್ದ ಮಾತ್ರಕ್ಕೆ ಭಾಷೆ ನಾಲಗೆಗೆ ಬರುವುದಿಲ್ಲ. ಯಾರೋ ನಮ್ಮನ್ನು ಉದ್ದೇಶಿಸಿ ಹೇಳಬೇಕು, ನಾವು ಉತ್ತರ ಕೊಡಲೇಬೇಕಾದ ಸಂದರ್ಭ ಬರಬೇಕು.

ಮಕ್ಕಳ ವಿಷಯದಲ್ಲಿ ತಪ್ಪು ತಿಳಿದಿರುವವರು ಹೆಚ್ಚಾಗಿ ಕನ್ನಡಿಗರೇ, ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ. ಎರಡು ಮೂರು ಭಾಷೆ ಒಟ್ಟಿಗೆ ಬಿದ್ದರೆ ಮಗುವಿಗೆ ಗೊಂದಲವಾಗುತ್ತದೆಂದು ಹೆದರಿ ಮನೆಯಲ್ಲಿ ಇಂಗ್ಲಿಷನ್ನೇ ಆಡುತ್ತಾರೆ. ಹಾಗೆ ಹೆದರುವವರು ಒಂದು ಸಂಜೆ ಆರ್.ಟಿ. ನಗರದ ಗಲ್ಲಿಗಳಲ್ಲಿ ನಿಲ್ಲಬೇಕು. ಬಂಗಾಳಿ ಕವಿ ರವೀಂದ್ರನಾಥ ಟ್ಯಾಗೋರರ ಹೆಸರು ಹೊತ್ತ ಆ ಬಡಾವಣೆಯಲ್ಲಿ ಕ್ರಿಕೆಟ್ ಆಡುವ ಮಗು ಅಮ್ಮನಿಗೆ ದಖನಿಯಲ್ಲಿ ಕೂಗಿ ಹೇಳಿ, ಬೌಲರನಿಗೆ ಕನ್ನಡದಲ್ಲಿ ಬೈದು, ಔಟೋ ಅಲ್ಲವೋ ಎಂಬುದನ್ನು ಇಂಗ್ಲಿಷಿನಲ್ಲಿ ತೀರ್ಮಾನಿಸುತ್ತದೆ. ಯಾರೊಂದಿಗೆ ಯಾವ ಭಾಷೆ ಎಂಬುದು ಅದಕ್ಕೆ ಉಸಿರಾಟದಷ್ಟು ಸಹಜ. ಇದೇ ಬಳ್ಳಾರಿ ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ದೇವನಹಳ್ಳಿಯಲ್ಲಿ 1936ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಹುಟ್ಟಿದರು. ಮನೆಮಾತು ಉರ್ದು, ಪಾಠ ಹೇಳಿದ್ದು ಭೂವಿಜ್ಞಾನ, ಕವಿತೆ ಬರೆದದ್ದು ಕನ್ನಡದಲ್ಲಿ. ಧಾರವಾಡದ ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಕಾರ್ನಾಡರದು ಕೊಂಕಣಿ. ಕನ್ನಡಕ್ಕೆ ಜ್ಞಾನಪೀಠ ತಂದವರಲ್ಲಿ ಮೂವರು ಮನೆಯಲ್ಲಿ ಬೇರೆ ಭಾಷೆ ಆಡಿದವರು. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ಶಾಲೆಗಳಲ್ಲಿ ಕನ್ನಡ ಕಲಿಸುವುದನ್ನು ಕಡ್ಡಾಯ ಮಾಡಿದೆ, ಒಳ್ಳೆಯದೇ. ಆದರೆ ಕನ್ನಡದಲ್ಲಿ ತೊಂಬತ್ತು ಅಂಕ ತೆಗೆದ ಮಗು ಲಿಫ್ಟಿನಲ್ಲಿ ಸಿಕ್ಕ ನನಗೆ ಇಂಗ್ಲಿಷಿನಲ್ಲೇ ಉತ್ತರಿಸುತ್ತದೆ. ಕನ್ನಡ ಅದಕ್ಕೆ ಬರೆಯುವ ಭಾಷೆ, ಆಡುವ ಭಾಷೆಯೆಂದು ಯಾರೂ ತೋರಿಸಿಲ್ಲ.

ನಮ್ಮ ಪಾಲಿನ ತಪ್ಪು ಇನ್ನೊಂದಿದೆ. ಹೊಸಬರು ಕನ್ನಡದಲ್ಲಿ ಎರಡು ಪದ ತೊದಲಿದ ಕೂಡಲೇ ಅವರ ಭಾಷೆಗೆ ಹೊರಳಿ ‘ಕಷ್ಟಪಡಬೇಡಿ’ ಎನ್ನುವುದನ್ನು ನಾವು ಸೌಜನ್ಯ ಎಂದುಕೊಂಡಿದ್ದೇವೆ. ನನ್ನ ಒಬ್ಬ ವಿದ್ಯಾರ್ಥಿನಿ, ಪಟ್ನಾದ ಹುಡುಗಿ, ಒಂದು ತಿಂಗಳು ಲೆಕ್ಕ ಇಟ್ಟಳು. ಅಂಗಡಿ, ಆಟೊ, ಬ್ಯಾಂಕು, ಔಷಧದಂಗಡಿ, ಎಲ್ಲ ಕಡೆ ಕನ್ನಡದಲ್ಲೇ ಮಾತು ಶುರು ಮಾಡಿದ್ದಳು. ಹೆಚ್ಚಿನವರು ಅವಳ ಮೊದಲ ವಾಕ್ಯ ಮುಗಿಯುವ ಮುಂಚೆಯೇ ಹಿಂದಿಯಲ್ಲಿ ಉತ್ತರ ಕೊಟ್ಟರು. ‘ಸರ್, ನಾನು ಕಲೀತೀನಿ, ಅವರು ಬಿಡಲ್ಲ’ ಎಂದಳು. ಕೋಪದಿಂದಲ್ಲ, ದಣಿವಿನಿಂದ. ಅವಳಿಗೆ ಕೊಡಬೇಕಾಗಿದ್ದದ್ದು ಪದಕೋಶವಲ್ಲ, ಮೂರು ಸೆಕೆಂಡಿನ ತಾಳ್ಮೆ. ಪದ ಹುಡುಕುತ್ತ ಅವಳು ತಡೆದು ನಿಲ್ಲುವ ಆ ಮೂರು ಸೆಕೆಂಡಿನಲ್ಲೇ ಭಾಷೆ ಒಳಗೆ ಇಳಿಯುತ್ತದೆ. ನಾವು ಅದನ್ನೇ ಕಿತ್ತುಕೊಳ್ಳುತ್ತಿದ್ದೇವೆ.

ಅವಳಿಗೆ ಕೊನೆಗೆ ಗುರು ಸಿಕ್ಕಿದ್ದು ನಮ್ಮ ಸಭಾಂಗಣದಲ್ಲಿ ಅಲ್ಲ. ದೊಡ್ಡಬಳ್ಳಾಪುರದ ಕಡೆಯಿಂದ ಬೆಳಗಿನ ಬಸ್ಸಿಗೆ ಸೊಪ್ಪು ತಂದು ಯಲಹಂಕದ ರಸ್ತೆ ಬದಿಯಲ್ಲಿ ಗೋಣಿ ಹಾಸಿ ಕೂರುವ ಅಜ್ಜಿಯೊಬ್ಬರಿದ್ದಾರೆ. ಅವರಿಗೆ ಬೇರೆ ಭಾಷೆ ಬರುವುದಿಲ್ಲ, ಹೊರಳಲು ಜಾಗವೇ ಇಲ್ಲ. ಮೊದಲ ದಿನ ಹುಡುಗಿ ಬೆರಳು ತೋರಿಸಿದ್ದಳು, ಅಜ್ಜಿ ಕಟ್ಟು ಎತ್ತಿ ಹೆಸರು ಹೇಳಿದ್ದರು. ಮೂರನೆಯ ವಾರ ನಾನೂ ಅಲ್ಲಿ ಮೆಂತ್ಯ ಕೊಳ್ಳುತ್ತಿದ್ದೆ. ಅಜ್ಜಿ ಒಂದು ಕಟ್ಟನ್ನು ಮೇಲೆತ್ತಿ ಹಿಡಿದು ಅವಳ ಮುಖ ನೋಡುತ್ತ ಸುಮ್ಮನೆ ಕೂತರು. ಹಿಂದೆ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು. ಅಜ್ಜಿಗೆ ಅವಸರವಿರಲಿಲ್ಲ.

‘ಸಬ್... ಸಬ್ಬಕ್ಕಿ...’

‘ಅಕ್ಕಿ ಅಲ್ಲ ಕಣವ್ವ.’

‘ಸಬ್ಬಸಿಗೆ!’

ಅಜ್ಜಿ ಕಟ್ಟನ್ನು ಅವಳ ಚೀಲಕ್ಕೆ ಹಾಕಿದರು. ‘ಇನ್ನೊಂದ್ ಕಟ್ಟು ಬೇಕಾ?’

‘ಸಾಕು ಅಜ್ಜಿ. ನಾಳೆ ಬರ್ತೀನಿ.’